ಯಂತ್ರದ ರೋಗವೂ ಬಿಡಿಭಾಗದ ನಂಬರೂ

ಮುಂಬಯಿ ನಗರದಲ್ಲಿಯೂ ಉಪನಗರಗಳಲ್ಲಿಯೂ ನಮ್ಮವರು ನಡೆಸುತ್ತಿರುವ ಹೋಟೆಲುಗಳು ಇಂದು ಕೇವಲ ಮನುಷ್ಯರ ಕೈಬಲದಿಂದ ನಡೆಯುತ್ತಿಲ್ಲವೆಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿ ಉದ್ದುಗಳನ್ನು ರುಬ್ಬುವುದಕ್ಕೆ ಗ್ರೈಂಡರು, ಚಟ್ನಿ ಮಸಾಲೆಗಳನ್ನು ಅರೆಯುವುದಕ್ಕೆ ಮಿಕ್ಸರು, ಹಾಲು ಬೆಣ್ಣೆ ಕೆಡದಂತೆ ಕಾಯುವುದಕ್ಕೆ ಫ್ರಿಜ್ಜು, ಮೇಲಿನ ಟಾಂಕಿಗೆ ನೀರೇರಿಸುವುದಕ್ಕೆ ಪಂಪು. ಹಿಂದಿನವರು ಕಲ್ಲಿನ ಒರಳಿನ ಮುಂದೆ ಕುಳಿತು ತೋಳು ಸೋಲುವವರೆಗೆ ಮಾಡುತ್ತಿದ್ದ ಕೆಲಸವನ್ನು ಇವು ಗರಗರನೆ ಮುಗಿಸಿಕೊಡುತ್ತವೆ. ನಡೆಯುತ್ತಿರುವವರೆಗೆ ಇವುಗಳ ನೆನಪೇ ನಮಗಿರುವುದಿಲ್ಲ. ನಿಂತ ದಿನ ಮಾತ್ರ ಇಡೀ ಹೋಟೆಲು ಇವುಗಳ ಸುತ್ತ ಬಂದು ನಿಲ್ಲುತ್ತದೆ.

ಹಾಗೆ ನಿಂತಾಗ ನಡೆಯುವುದೇನೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ. ಮಿಸ್ತ್ರಿಗೆ ಹೇಳಿ ಕಳುಹಿಸುತ್ತಾರೆ. ಅವನು ಬಂದು ಯಂತ್ರವನ್ನು ಒಮ್ಮೆ ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿ, ಹತ್ತು ನಿಮಿಷದಲ್ಲಿ ರೋಗವನ್ನು ಹೇಳಿಬಿಡುತ್ತಾನೆ: ಬೇರಿಂಗು ಹೋಗಿದೆ, ಅಥವಾ ಪಟ್ಟಾ ಸವೆದಿದೆ, ಅಥವಾ ಕಂಡೆನ್ಸರು ಸತ್ತಿದೆ. ಆಮೇಲೆ ಆರಂಭವಾಗುತ್ತದೆ ನಿಜವಾದ ಕಷ್ಟ. ಆ ಭಾಗವು ಎಲ್ಲಿ ಸಿಗುತ್ತದೆ? ಯಾವ ಅಳತೆಯದು? ಯಾವ ಹೆಸರಿನಿಂದ ಕೇಳಬೇಕು? ಹುಡುಗನೊಬ್ಬನನ್ನು ಲೋಕಲ್ ಗಾಡಿಯಲ್ಲಿ ಮಸ್ಜಿದ್ ಬಂದರಿಗೆ ಅಟ್ಟುತ್ತಾರೆ. ಅವನು ನಾಗದೇವಿ ಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿ, ಕೈಸನ್ನೆಯಿಂದ ಗಾತ್ರ ತೋರಿಸಿ, ಒಂದನ್ನು ಕೊಂಡು ತರುತ್ತಾನೆ. ಅದು ಕೂರುವುದಿಲ್ಲ. ಪುನಃ ಟಿಕೀಟು, ಪುನಃ ತಿರುಗಾಟ. ಹತ್ತು ನಿಮಿಷದ ನಿದಾನಕ್ಕೆ ಎರಡು ದಿನದ ಮದ್ದು.

ಯಂತ್ರವು ಕೆಡುವುದರಿಂದ ಆಗುವ ನಷ್ಟಕ್ಕಿಂತ, ಕೆಟ್ಟದ್ದು ಯಾವುದೆಂದು ತಿಳಿದ ಮೇಲೂ ಅದಕ್ಕೆ ಬದಲಿ ಸಿಗದಿರುವುದರಿಂದ ಆಗುವ ನಷ್ಟವೇ ಹೆಚ್ಚು ಎಂಬುದು ನಾವು ಹೋಟೆಲು ನಡೆಸಿದ ವರುಷಗಳಲ್ಲಿ ಪದೇ ಪದೇ ಕಂಡುಕೊಂಡ ಮಾತು. ಕಾರಣವೂ ಸ್ಪಷ್ಟವಾಗಿಯೇ ಇದೆ. ರೋಗದ ಜ್ಞಾನವು ಮಿಸ್ತ್ರಿಯ ತಲೆಯಲ್ಲಿದೆ. ಮದ್ದಿನ ಪಟ್ಟಿಯು ಅಂಗಡಿಯವನ ಕಪಾಟಿನಲ್ಲಿ ಅಥವಾ ಕಂಪೆನಿಯ ಕಚೇರಿಯಲ್ಲಿದೆ. ಇವೆರಡನ್ನೂ ಜೋಡಿಸುವ ಕೊಂಡಿ ನಮ್ಮಲ್ಲಿಲ್ಲ. ಆ ಕೊಂಡಿಯ ವಿಚಾರವಾಗಿಯೇ ಇಂದು ನಮ್ಮ ವಾಚಕರೊಡನೆ ನಾಲ್ಕು ಮಾತನಾಡಬಯಸುತ್ತೇವೆ.

ಭಾರ ಬೀಳುವುದು ಯಾರ ಮೇಲೆ?

ಇದು ಮಾಲಕರ ತಲೆನೋವು, ನಮಗೇತಕ್ಕೆ ಎಂದು ನೌಕರ ಬಂಧುಗಳು ಭಾವಿಸಬಾರದು. ಗ್ರೈಂಡರು ನಿಂತ ರಾತ್ರಿಯ ಭಾರವು ಮಾಲಕರ ಗಲ್ಲಾದ ಮೇಲೆ ಬೀಳುವುದಕ್ಕಿಂತ ಮುಂಚೆಯೇ ಹಿಟ್ಟಿನ ಕೆಲಸದವನ ಹೆಗಲ ಮೇಲೆ ಬೀಳುತ್ತದೆ. ಬೆಳಗಿನ ಇಡ್ಲಿ ದೋಸೆಗಳಿಗೆ ಹಿಟ್ಟು ಬೇಕೇಬೇಕು, ಗಿರಾಕಿಯು ಕಾಯುವುದಿಲ್ಲ. ನಡುರಾತ್ರಿಯಲ್ಲಿ ಪಕ್ಕದ ಹೋಟೆಲಿಗೆ ನೆನೆಸಿದ ಅಕ್ಕಿಯನ್ನು ಹೊತ್ತೊಯ್ದು ರುಬ್ಬಿಸಿಕೊಂಡು ಬರುವವನು ಯಾರು? ಅವನೇ. ನಿದ್ದೆಗೆಟ್ಟು ಬೆಳಿಗ್ಗೆ ಪುನಃ ಕೆಲಸಕ್ಕೆ ನಿಲ್ಲುವವನೂ ಅವನೇ.

ಇದಕ್ಕಿಂತಲೂ ಕಠಿನವಾದುದು ಇನ್ನೊಂದಿದೆ. ಮೋಟಾರು ಸುಟ್ಟುಹೋದಾಗ ಮೊದಲು ಕೇಳಿಬರುವ ಪ್ರಶ್ನೆ, "ಕೆಡಿಸಿದವನು ಯಾರು?" ಎಂಬುದು. ಊರಿನಿಂದ ಬಂದು ಆರು ತಿಂಗಳು ಕಳೆಯದ ಹುಡುಗನ ಕಡೆಗೆ ಎಲ್ಲರ ಕಣ್ಣೂ ಹೊರಳುತ್ತದೆ. ಉಪನಗರದ ಒಂದು ಹೋಟೆಲಿನಲ್ಲಿ ಇಂತಹ ಹುಡುಗನೊಬ್ಬನ ಸಂಬಳದಿಂದ ದುರಸ್ತಿಯ ಹಣವನ್ನು ಮುರಿದುಕೊಂಡದ್ದನ್ನು ನಾವು ಬಲ್ಲೆವು. ಯಂತ್ರವನ್ನು ಬಿಚ್ಚಿದ ಮಿಸ್ತ್ರಿಯು ಹೇಳಿದ ಸಂಗತಿಯೇ ಬೇರೆ. ಬೇರಿಂಗಿನೊಳಕ್ಕೆ ಹಿಟ್ಟಿನ ನೀರು ಇಳಿದು, ತುಕ್ಕು ಹಿಡಿದು, ಅದು ಬಿಗಿದುಕೊಂಡಿತ್ತು. ತಿರುಗಲಾರದ ಮೋಟಾರಿಗೆ ವಿದ್ಯುತ್ತು ಹರಿಯುತ್ತಲೇ ಇದ್ದು ಸುರುಳಿ ಸುಟ್ಟಿತು. ಆ ಬೇರಿಂಗನ್ನು ಹಿಂದೆ ಯಾವಾಗ ಬದಲಾಯಿಸಿದ್ದರು, ಯಾವ ಜಾತಿಯದನ್ನು ಹಾಕಿದ್ದರು ಎಂಬುದಕ್ಕೆ ಎಲ್ಲಿಯೂ ಒಂದು ಗೆರೆ ಬರವಣಿಗೆಯಿರಲಿಲ್ಲ. ಬರವಣಿಗೆಯಿದ್ದಿದ್ದರೆ ಅದೇ ಆ ಹುಡುಗನ ಪರವಾಗಿ ಸಾಕ್ಷಿ ನುಡಿಯುತ್ತಿತ್ತು.

ಮಾತಾಡುವ ನಂಬರುಗಳು

ಕೊಂಡಿಯೆಂದೆವಲ್ಲ, ಅದು ದೊಡ್ಡ ವಿದ್ಯೆಯೇನೂ ಅಲ್ಲ. ಬಹುಪಾಲು ಅದು ಪುರ್ಜೆಯ ಮೈಮೇಲೆಯೇ ಕೆತ್ತಿರುತ್ತದೆ. ಬೇರಿಂಗಿನ ಅಂಚಿನಲ್ಲಿ 6204 ಎಂದು ಬರೆದಿರುವುದನ್ನು ಅನೇಕರು ನೋಡಿರಬಹುದು. ಇದರಲ್ಲಿ ಮೊದಲಿನ 6 ಎಂಬುದು ಒಂದು ಸಾಲು ಗುಂಡುಗಳುಳ್ಳ ಸಾಮಾನ್ಯ ಜಾತಿಯನ್ನು ಹೇಳುತ್ತದೆ. 2 ಎಂಬುದು ಅದರ ದಪ್ಪದ ವರ್ಗವನ್ನು. ಕೊನೆಯ 04ನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ, 20 ಮಿಲಿಮೀಟರು. ಹೊರಸುತ್ತು 47, ಅಗಲ 14. ಈ ನಂಬರನ್ನು ಹೇಳಿದರೆ ಮುಂಬಯಿಯ ನಾಗದೇವಿಯಲ್ಲಿಯೂ ಮಂಗಳೂರಿನಲ್ಲಿಯೂ ಜರ್ಮನಿಯಲ್ಲಿಯೂ ಅದೇ ಅಳತೆಯ ಬೇರಿಂಗೇ ಕೈಗೆ ಬರುತ್ತದೆ. ಭಾಷೆ ಬೇಡ, ಕೈಸನ್ನೆ ಬೇಡ.

ನಂಬರಿನ ಬಾಲದಲ್ಲಿರುವ ಅಕ್ಷರಗಳನ್ನೂ ಅಲಕ್ಷಿಸಬಾರದು. ಝಡ್‌ಝಡ್ ಎಂದಿದ್ದರೆ ಎರಡು ಕಡೆಗೂ ತಗಡಿನ ಮುಚ್ಚಳ. 2ಆರ್‌ಎಸ್ ಎಂದಿದ್ದರೆ ಎರಡು ಕಡೆಗೂ ರಬ್ಬರಿನ ಮುಚ್ಚಳ. ತಗಡಿನದು ಧೂಳನ್ನು ತಡೆದೀತು, ನೀರನ್ನು ತಡೆಯದು. ಸದಾ ನೀರು ಚೆಲ್ಲುವ ರುಬ್ಬುವ ಮನೆಯಲ್ಲಿ ರಬ್ಬರಿನ ಮುಚ್ಚಳದ್ದೇ ಲೇಸು. ಮೇಲೆ ಹೇಳಿದ ಹುಡುಗನ ಸಂಬಳಕ್ಕೂ ಈ ಎರಡು ಮೂರು ಅಕ್ಷರಗಳಿಗೂ ಇರುವ ಸಂಬಂಧವನ್ನು ವಾಚಕರು ಊಹಿಸಿಕೊಳ್ಳಬಹುದು.

ಪಟ್ಟಾದ ವಿಚಾರವೂ ಹೀಗೆಯೇ. ಎ-42 ಎಂದು ಅಚ್ಚಾಗಿದ್ದರೆ, ಎ ಎಂಬುದು ಮೇಲ್ಭಾಗದಲ್ಲಿ ಸುಮಾರು 13 ಮಿಲಿಮೀಟರು ಅಗಲವಿರುವ ಪಟ್ಟಾದ ವರ್ಗ. 42 ಎಂಬುದು ಒಳಸುತ್ತಿನ ಉದ್ದ, ಇಂಚುಗಳಲ್ಲಿ. ಮೋಟಾರಿನ ಕಂಡೆನ್ಸರಿನ ಮೇಲೆ ಎಷ್ಟು ಮೈಕ್ರೊಫ್ಯಾರಡ್, ಎಷ್ಟು ವೋಲ್ಟು ಎಂಬುದು ಬರೆದಿರುತ್ತದೆ. ಮೋಟಾರು ಗುಂಯ್‌ಗುಟ್ಟುತ್ತದೆ, ಆದರೆ ತಿರುಗುವುದಿಲ್ಲ ಎಂದಾದರೆ ಮೊದಲು ಸಂಶಯಿಸಬೇಕಾದುದು ಈ ಕಂಡೆನ್ಸರನ್ನೇ. ಆದರೆ ಅದನ್ನು ಮುಟ್ಟುವ ಕೆಲಸ ಬಲ್ಲವರದು. ಪ್ಲಗ್ಗು ತೆಗೆದ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು.

ಕಷ್ಟವೆಂದರೆ ಎಲ್ಲ ಭಾಗಗಳೂ ಹೀಗೆ ಮಾತಾಡುವುದಿಲ್ಲ. ಮಿಕ್ಸರಿನ ಜಾರಿನ ಅಡಿಯ ಹಲ್ಲು, ಫ್ರಿಜ್ಜಿನ ಬಾಗಿಲಿನ ರಬ್ಬರು, ಯಂತ್ರದ ಒಳಗಿನ ಬಿಲ್ಲೆ, ಇವೆಲ್ಲ ಒಂದೊಂದು ಕಂಪೆನಿಗೆ ಒಂದೊಂದು ತೆರ. ಮೈಮೇಲೆ ನಂಬರಿಲ್ಲ, ಇದ್ದರೂ ಅದು ಆ ಕಂಪೆನಿಯವರಿಗೇ ತಿಳಿಯುವ ಗುಟ್ಟು. ಇಲ್ಲಿ ಕಂಪೆನಿಯ ಪಟ್ಟಿಯಿಲ್ಲದೆ ಗತಿಯಿಲ್ಲ.

ಇದೇ ನಗರದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯುವುದು ಉಚಿತವಾದೀತು. ಸೀಮೆನ್ಸ್ ಸಂಸ್ಥೆಯಲ್ಲಿ ಇಂಜಿನಿಯರರಾಗಿದ್ದ ಸತ್ಯಪ್ರಕಾಶ ಮಾಥುರರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರೊಂದಿತ್ತು. ಪರದೇಶದ ಮೆತ್ತನೆಯ ಅಡುಗೆಗೆಂದು ಮಾಡಿದ ಆ ಯಂತ್ರವು ನಮ್ಮ ಅರೆಯುವ ಕೆಲಸವನ್ನು ತಡೆಯಲಾರದೆ ಕೆಟ್ಟಿತು. ಭಾರತದಲ್ಲಿ ಅದಕ್ಕೆ ದುರಸ್ತಿಯ ಏರ್ಪಾಡಿರಲಿಲ್ಲ. ಪತ್ನಿ ಮಾಧುರಿಯವರ ಅಡಚಣೆಯನ್ನು ಕಂಡ ಅವರು ನಮ್ಮ ಅಡುಗೆಮನೆಗೆ ತಕ್ಕ ಬಲವಾದ ಮೋಟಾರುಳ್ಳ ಮಿಕ್ಸರನ್ನು ತಾವೇ ರಚಿಸಿದರು. ಅದೇ 1963ರಲ್ಲಿ ಹುಟ್ಟಿದ ಸುಮೀತ್. ದೇಶಕ್ಕೆ ಒಳಿತೇ ಆಯಿತು. ಆದರೆ ಪುರ್ಜೆ ಸಿಗದಾಗಲೆಲ್ಲ ಹೊಸ ಯಂತ್ರವನ್ನೇ ಕಟ್ಟಲು ಎಲ್ಲರ ಮನೆಯಲ್ಲಿಯೂ ಇಂಜಿನಿಯರರು ಇರುವುದಿಲ್ಲ. ಉಳಿದವರು ಹಳೆಯದನ್ನು ಭಂಗಾರಿನವನಿಗೆ ಹಾಕಿ ಹೊಸದಕ್ಕೆ ಸಾಲ ಮಾಡುತ್ತಾರೆ.

ಜೋಡಿಸಿದವರು ಹೇಗೆ ಜೋಡಿಸಿದರು?

ದುರಸ್ತಿಯ ತಿಳಿವಳಿಕೆಯನ್ನೂ ಬಿಡಿಭಾಗದ ಪಟ್ಟಿಯನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದವರು ಲೋಕದಲ್ಲಿ ಇಲ್ಲವೆಂದಲ್ಲ. ಸಾಂತಾಕ್ರೂಜಿನ ಮೇಲೆ ಹಾರಾಡುವ ವಿಮಾನಗಳನ್ನೇ ನೋಡಿರಿ. ಅಮೆರಿಕದ ವಿಮಾನ ಸಾರಿಗೆ ಸಂಘದವರು 1956ರಲ್ಲಿ ಒಂದು ಕ್ರಮವನ್ನು ಗೊತ್ತುಪಡಿಸಿದರು. ವಿಮಾನದ ಪ್ರತಿಯೊಂದು ಅಂಗಕ್ಕೂ ಒಂದು ಅಧ್ಯಾಯಸಂಖ್ಯೆ. ಇಳಿಯುವ ಚಕ್ರಗಳ ವ್ಯವಸ್ಥೆಗೆ 32. ಒಳಗಿನ ಆಸನ ಮೊದಲಾದ ಸಜ್ಜಿಗೆ 25, ಊಟ ಬಿಸಿಮಾಡುವ ಪುಟ್ಟ ಅಡುಗೆಮನೆಯೂ ಇದರಲ್ಲಿಯೇ ಸೇರಿತು. ದುರಸ್ತಿಯನ್ನು ಹೇಳುವ ಪುಸ್ತಕದಲ್ಲಿಯೂ ಅದೇ ಅಧ್ಯಾಯ, ಬಿಡಿಭಾಗಗಳ ಚಿತ್ರಪಟ್ಟಿಯಲ್ಲಿಯೂ ಅದೇ ಅಧ್ಯಾಯ. ಯಂತ್ರವನ್ನು ಬಿಚ್ಚಿ ಭಾಗಗಳನ್ನು ಒಂದರ ಮುಂದೊಂದು ಹರಡಿದಂತೆ ಬರೆದ ಚಿತ್ರ. ಚಿತ್ರದಲ್ಲಿ ಪ್ರತಿಯೊಂದು ಭಾಗಕ್ಕೂ ಒಂದು ಅಂಕೆ. ಆ ಅಂಕೆಯ ಎದುರಿಗೆ ಪಟ್ಟಿಯಲ್ಲಿ ಕಂಪೆನಿಯ ನಂಬರು. ಕಂಪೆನಿ ಯಾವುದಾದರೇನು, ಕೆಲಸಗಾರನು ಹುಡುಕುವ ಜಾಗ ಒಂದೇ. ಕಾಗದದ ಪುಸ್ತಕಗಳು ಹೋಗಿ ಕಂಪ್ಯೂಟರು ಬಂದ ಮೇಲೂ ಈ ಅಧ್ಯಾಯಗಳ ಕ್ರಮವು ಉಳಿದುಕೊಂಡಿದೆ.

ಅಷ್ಟು ದೂರ ಹೋಗುವುದೂ ಬೇಡ. ಮಾಟುಂಗಾ ಮತ್ತು ಲೋವರ್ ಪರೇಲಿನ ರೈಲ್ವೆ ಕಾರ್ಯಾಗಾರಗಳ ಉಗ್ರಾಣದಲ್ಲಿ ಕೆಲಸ ಬಲ್ಲ ಕಾರಕೂನರನ್ನು ಕೇಳಿದರೆ ಪಿ.ಎಲ್. ನಂಬರಿನ ಮಾತು ಹೇಳಿಯಾರು. ಭಾರತೀಯ ರೈಲ್ವೆಯಲ್ಲಿ ಉಗ್ರಾಣದ ವಸ್ತುಗಳಿಗೆ 8 ಅಂಕಿಗಳ ಒಂದು ಸಂಖ್ಯೆಯಿದೆ. ಮೊದಲಿನ ಅಂಕಿಗಳು ವಸ್ತುವಿನ ಗುಂಪನ್ನು ತಿಳಿಸುತ್ತವೆ. ಕೊನೆಯ ಅಂಕಿಯು ಬರೆಯುವಾಗ ಕೈತಪ್ಪಾಗಿದ್ದರೆ ಹಿಡಿದುಕೊಡುವ ಕಾವಲುಗಾರ. ಬೋಗಿಯ ಕೆಳಗೆ ಎಣ್ಣೆಗೈಯಿಂದ ಕೆಲಸ ಮಾಡುವವನೂ ಮೇಜಿನ ಮುಂದೆ ಕುಳಿತು ಬೇಡಿಕೆ ಬರೆಯುವವನೂ ಒಂದೇ ಸಂಖ್ಯೆಯನ್ನು ನುಡಿಯುತ್ತಾರೆ. ಕೈಯೂ ಲೇಖಣಿಯೂ ಕೂಡುವ ಸ್ಥಾನವೇ ಆ ನಂಬರು.

ಕಾಯಿದೆಯ ಬೆಂಬಲ

ಕಂಪೆನಿಗಳು ಈ ಪಟ್ಟಿಗಳನ್ನು ತಮ್ಮಲ್ಲಿಯೇ ಬಚ್ಚಿಟ್ಟುಕೊಂಡರೆ ಏನಾಗುತ್ತದೆಂಬುದಕ್ಕೆ ಮೋಟಾರು ಕಾರುಗಳ ಪ್ರಕರಣವು ಸಾಕ್ಷಿಯಾಗಿದೆ. ಬಿಡಿಭಾಗಗಳನ್ನೂ ದೋಷ ಪತ್ತೆಹಚ್ಚುವ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂಬ ದೂರನ್ನು ವಿಚಾರಿಸಿದ ಭಾರತದ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪೆನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮಿಕ್ಕ ದಂಡವನ್ನು ವಿಧಿಸಿತು. ದಂಡದ ವಿಚಾರವು ಮುಂದೆ ಮೇಲ್ಮನವಿಗೆ ಹೋಯಿತು. ಆದರೆ ಯಂತ್ರವನ್ನು ಮಾರಿದವನು ಅದರ ರೋಗದ ಜ್ಞಾನವನ್ನೂ ಮದ್ದನ್ನೂ ಒಟ್ಟಿಗೆ ಬೀಗಹಾಕಿಟ್ಟುಕೊಳ್ಳಬಾರದೆಂಬ ತತ್ತ್ವವು ಅಂದು ಬಹಿರಂಗವಾಗಿ ಸಾರಲ್ಪಟ್ಟಿತು.

2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯವರು "ರೈಟ್ ಟು ರಿಪೇರ್" ಎಂಬ ಹೆಸರಿನ ಪೋರ್ಟಲನ್ನು ತೆರೆದರು. ಕೃಷಿ ಯಂತ್ರಗಳು, ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳು, ಮನೆಬಳಕೆಯ ಉಪಕರಣಗಳು, ವಾಹನಗಳು, ಈ ನಾಲ್ಕು ವಿಭಾಗಗಳ ತಯಾರಕರು ದುರಸ್ತಿಯ ಕೈಪಿಡಿ, ಬಿಡಿಭಾಗಗಳ ವಿವರ, ಸೇವಾಕೇಂದ್ರಗಳ ವಿಳಾಸಗಳನ್ನು ಒಂದೇ ಕಡೆಯಲ್ಲಿ ತಿಳಿಸಬೇಕೆಂಬುದು ಇದರ ಉದ್ದೇಶ. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಕೆಲವು ಬಗೆಯ ಸಾಮಾನುಗಳ ಬೆಲೆಚೀಟಿಯ ಜೊತೆಗೇ, ಅದನ್ನು ಎಷ್ಟು ಸುಲಭವಾಗಿ ದುರಸ್ತಿ ಮಾಡಬಹುದೆಂಬುದಕ್ಕೆ ಹತ್ತರಲ್ಲಿ ಎಷ್ಟು ಅಂಕ ಎಂಬುದನ್ನೂ ತೋರಿಸಬೇಕೆಂಬ ನಿಯಮ ಬಂತು. ಕೈಪಿಡಿ ದೊರೆಯುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ನ್ಯಾಯವೇ ಎಂಬುದೆಲ್ಲ ಆ ಅಂಕಗಳಲ್ಲಿ ಸೇರಿತು. ನಮ್ಮ ದೇಶದಲ್ಲಿಯೂ ಮೊಬೈಲು ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಇಂತಹ ಅಂಕವನ್ನು ಕೊಡುವ ವಿಚಾರವಾಗಿ ನೇಮಿಸಿದ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿಯನ್ನು ಒಪ್ಪಿಸಿತು.

ಸಂತೋಷದ ಸಂಗತಿಯೇ. ಆದರೆ ಆ ನಾಲ್ಕು ವಿಭಾಗಗಳಲ್ಲಿ ಹೋಟೆಲಿನ ದೊಡ್ಡ ಗ್ರೈಂಡರಿಗೂ ಬಾಯ್ಲರಿಗೂ ಪ್ರತ್ಯೇಕ ಸ್ಥಾನವಿಲ್ಲವೆಂಬುದನ್ನು ಗಮನಿಸಬೇಕು. ಸರಕಾರದವರು ಕೊಡುವವರೆಗೆ ಕೈಕಟ್ಟಿ ಕುಳಿತಿರುವುದು ನಮ್ಮವರ ಜಾಯಮಾನವಲ್ಲ.

ಒಂದು ಚೋಪಡಿಯ ಕೆಲಸ

ನಾವು ಸೂಚಿಸುವುದು ಬಹಳ ಸುಲಭವಾದ ಉಪಾಯ. ಹೋಟೆಲಿಗೊಂದು ಚೋಪಡಿ, ಯಂತ್ರಕ್ಕೆ ಎರಡು ಪುಟ. ಮೊದಲನೆಯ ಪುಟದ ತಲೆಯಲ್ಲಿ ಯಂತ್ರದ ಮೈಗೆ ಬಡಿದಿರುವ ತಗಡಿನ ಪಟ್ಟಿಯಲ್ಲಿದ್ದುದನ್ನೆಲ್ಲ ಬರೆದುಕೊಳ್ಳಬೇಕು: ಕಂಪೆನಿಯ ಹೆಸರು, ಮಾದರಿ, ಕ್ರಮಸಂಖ್ಯೆ, ವೋಲ್ಟು, ಅಶ್ವಶಕ್ತಿ. ಎಣ್ಣೆ ಜಿಡ್ಡಿನಿಂದ ಆ ತಗಡು ಅಳಿಸಿಹೋಗುವ ಮುಂಚೆಯೇ ಬರೆದುಕೊಳ್ಳುವುದು ಲೇಸು. ಮೊಬೈಲಿನಲ್ಲಿ ಅದರ ಚಿತ್ರವನ್ನೂ ತೆಗೆದಿಡಬಹುದು. ಕೆಳಗೆ ಸಾಲುಗಳು: ತಾರೀಖು, ಯಂತ್ರವು ಏನು ಮಾಡಿತು, ಮಿಸ್ತ್ರಿಯು ಕಂಡ ದೋಷ, ಬದಲಾಯಿಸಿದ ಭಾಗ, ಅದರ ನಂಬರು, ಕೊಂಡ ಅಂಗಡಿ, ಬೆಲೆ. "ಕರಕರ ಶಬ್ದ, ದಂಡ ಅಲುಗಾಟ, ಬೇರಿಂಗು ಸವೆತ, 6204-2ಆರ್‌ಎಸ್, ನಾಗದೇವಿ" ಎಂದು ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಮುಂದಿನ ಸಲ ಕರಕರ ಶಬ್ದ ಕೇಳಿದ ಕೂಡಲೇ ಏನು ತರಬೇಕೆಂಬುದು ಮಿಸ್ತ್ರಿಯು ಬರುವ ಮುಂಚೆಯೇ ತಿಳಿದಿರುತ್ತದೆ. ತೆಗೆದ ಹಳೆಯ ಭಾಗವನ್ನೂ ಎಸೆಯದೆ ಒಂದು ಡಬ್ಬಿಯಲ್ಲಿಡುವುದು ಉತ್ತಮ. ನಂಬರು ಅಳಿದಿದ್ದರೆ ಅದೇ ಮಾದರಿ.

ಇಲ್ಲಿ ಕಾರಕೂನರ ಪಾತ್ರವು ದೊಡ್ಡದು. ಹೋಟೆಲಿನ ಲೆಕ್ಕದಲ್ಲಿ "ಸ್ಪೇರ್ ಪಾರ್ಟು, ಇಷ್ಟು ರೂಪಾಯಿ" ಎಂದಷ್ಟೇ ಬರೆದಿರುವ ಬಿಲ್ಲುಗಳನ್ನು ನಾವು ರಾಶಿಗಟ್ಟಲೆ ನೋಡಿದ್ದೇವೆ. ಅದು ಹಣದ ಲೆಕ್ಕವಾಯಿತು, ಯಂತ್ರದ ಲೆಕ್ಕವಾಗಲಿಲ್ಲ. ಬಿಲ್ಲಿನ ಮೇಲೆ ಪುರ್ಜೆಯ ನಂಬರನ್ನೂ ಯಾವ ಯಂತ್ರಕ್ಕೆಂಬುದನ್ನೂ ಬರೆಯಿಸಿಕೊಂಡರೆ ಆ ಕಾಗದವೇ ಅರ್ಧ ಚೋಪಡಿಯಾಗುತ್ತದೆ. ಅದರಿಂದ ಇನ್ನೊಂದು ಪ್ರಯೋಜನವೂ ಉಂಟು. ಆರು ತಿಂಗಳಲ್ಲಿ ಒಂದೇ ಗ್ರೈಂಡರಿಗೆ ಒಂದೇ ಬೇರಿಂಗನ್ನು ಮೂರು ಸಲ ಕೊಂಡಿದ್ದಾರೆಂದು ಲೆಕ್ಕ ಹೇಳಿದರೆ ರೋಗವು ಬೇರಿಂಗಿನದಲ್ಲ. ಮೇಲಿನಿಂದ ನೀರು ಸೋರುತ್ತಿದೆ, ಅಥವಾ ಪಟ್ಟಾ ಅತಿಯಾಗಿ ಬಿಗಿದಿದೆ. ಹೀಗೆ ರೋಗದಿಂದ ಪಟ್ಟಿಗೆ ಹೋಗುವ ದಾರಿಯಲ್ಲಿಯೇ ಪಟ್ಟಿಯಿಂದ ರೋಗಕ್ಕೂ ಹಿಂತಿರುಗಿ ಬರಬಹುದು.

ಮೊಬೈಲಿನಲ್ಲಿ ಹುಡುಕಿದರೆ ಎಲ್ಲವೂ ಸಿಗುವಾಗ ಚೋಪಡಿ ಏತಕ್ಕೆಂದು ತರುಣರು ಕೇಳಿಯಾರು. ಸಿಗುತ್ತದೆ, ನಿಜ. ಆದರೆ "ಮಿಕ್ಸರಿನ ಹಲ್ಲು" ಎಂದು ಹುಡುಕಿದರೆ ನೋಡಲು ಒಂದೇ ತೆರನಾದ ಹಲವು ವಸ್ತುಗಳು ಎದುರಿಗೆ ನಿಲ್ಲುತ್ತವೆ. ಮಾದರಿಯೂ ನಂಬರೂ ಗೊತ್ತಿದ್ದರೆ ಮಾತ್ರ ಸರಿಯಾದುದನ್ನು ಆರಿಸಬಹುದು. ಹೆಸರುವಾಸಿ ಬೇರಿಂಗುಗಳ ನಕಲಿ ಮಾಲೂ ಪೇಟೆಯಲ್ಲಿರುವುದರಿಂದ ನಂಬಿಕೆಯ ಅಂಗಡಿ ಯಾವುದೆಂಬುದನ್ನು ಅನುಭವವೇ ಹೇಳಬೇಕು, ಮತ್ತು ಅನುಭವವನ್ನು ಬರೆದಿಟ್ಟಿರಬೇಕು.

ಇದರಿಂದ ತಮ್ಮ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆಂದು ಮಿಸ್ತ್ರಿಗಳು ಭಾವಿಸಬೇಕಾಗಿಲ್ಲ. ಅವರ ವಿದ್ಯೆಯಿರುವುದು ಕಿವಿಯಲ್ಲಿ ಮತ್ತು ಕೈಯಲ್ಲಿ. ಆ ನಿದಾನಕ್ಕೂ ಕೈಗೆಲಸಕ್ಕೂ ತಕ್ಕ ಮಜೂರಿಯನ್ನು ಕೊಡುವುದು ಮಾಲಕರ ಧರ್ಮ. ಪುರ್ಜೆಯ ಬೆಲೆಯಲ್ಲಿ ನಾಲ್ಕು ಕಾಸು ಸೇರಿಸಿ ಜೀವನ ಮಾಡಬೇಕಾದ ಗತಿಯನ್ನು ಅವರಿಗೆ ತರಬಾರದು. ಮಜೂರಿಯು ನೇರವಾಗಿದ್ದರೆ ನಂಬರನ್ನು ಮುಚ್ಚಿಡುವ ಕಾರಣವೂ ಇರುವುದಿಲ್ಲ.

ಒಂದೊಂದು ಹೋಟೆಲಿನ ಚೋಪಡಿಯು ಆ ಹೋಟೆಲಿಗೆ ಉಪಯೋಗ. ಹತ್ತು ಹೋಟೆಲುಗಳವು ಕೂಡಿದರೆ ಅದು ನಮ್ಮ ಸಮಾಜಕ್ಕೇ ಒಂದು ಕ್ಯಾಟಲಾಗು. ನಮ್ಮ ಜಾತೀಯ ಸಂಘಗಳೂ ಕನ್ನಡ ಸಂಘಗಳೂ ಹೋಟೆಲು ಮಾಲಕರ ಸಂಘವಾದ ಆಹಾರ್ ಸಂಸ್ಥೆಯವರೂ ಮನಸ್ಸು ಮಾಡಿದರೆ, ನಮ್ಮ ಹೋಟೆಲುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಗ್ರೈಂಡರು, ಮಿಕ್ಸರು, ಫ್ರಿಜ್ಜುಗಳ ಮಾದರಿಗಳಿಗೆ ರೋಗಲಕ್ಷಣ, ಭಾಗ, ನಂಬರು, ಅಂಗಡಿ ಎಂಬ ಕ್ರಮದಲ್ಲಿ ಕನ್ನಡದಲ್ಲಿ ಒಂದು ಪಟ್ಟಿಯನ್ನು ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಕೊಯಮತ್ತೂರಿನ ಗ್ರೈಂಡರು ತಯಾರಕರಿಂದ ಭಾಗಗಳ ಚಿತ್ರಪಟ್ಟಿಯನ್ನು ಕೇಳಿ ತರಿಸಿಕೊಳ್ಳಲು ಒಬ್ಬ ಮಾಲಕನ ಕಾಗದಕ್ಕಿಂತ ನೂರು ಮಾಲಕರ ಕಾಗದಕ್ಕೆ ಬಲ ಹೆಚ್ಚು. ಹೊಸ ಯಂತ್ರವನ್ನು ಕೊಳ್ಳುವಾಗಲೇ "ಭಾಗಗಳ ಪಟ್ಟಿಯನ್ನು ಕೊಡುತ್ತೀರಾ?" ಎಂದು ಕೇಳುವ ರೂಢಿ ಬೆಳೆಯಲಿ. ಮನೆಬಳಕೆಯ ಸಾಮಾನಿನ ವಿಚಾರದಲ್ಲಿ ಉತ್ತರ ಸಿಗದಿದ್ದರೆ 1915 ಎಂಬ ನಂಬರಿನಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಕಾರಕೂನರಾದವರು ನಮ್ಮಲ್ಲಿ ಎಷ್ಟೋ ಮಂದಿ. ಒಂದು ಕಾಲು ಅಡುಗೆಮನೆಯಲ್ಲಿ, ಒಂದು ಕಾಲು ಲೆಕ್ಕದ ಮೇಜಿನ ಬಳಿಯಲ್ಲಿ ಇಟ್ಟು ಬೆಳೆದವರಿಗೆ ಈ ಎರಡನ್ನೂ ಜೋಡಿಸುವುದು ಹೊಸ ಕೆಲಸವಲ್ಲ. ಗ್ರೈಂಡರಿನ ಬಳಿ ನಿಲ್ಲುವ ತರುಣನು ನಾಳೆಯೇ ಒಂದು ಚೋಪಡಿಯನ್ನು ಕೊಂಡು ಮೊದಲ ಪುಟದಲ್ಲಿ ತನ್ನ ಯಂತ್ರದ ಮಾದರಿಯನ್ನು ಬರೆಯಲಿ. ಆ ಅಕ್ಷರಗಳು ಅವನ ನಿದ್ದೆಯನ್ನು ಉಳಿಸುತ್ತವೆ, ಅವನ ಸಂಬಳವನ್ನು ಕಾಯುತ್ತವೆ. ಯಂತ್ರದ ಸ್ವಭಾವವನ್ನು ಬಲ್ಲವನೆಂಬ ಹೆಸರು ಬಂದರೆ, ಹಿಟ್ಟಿನ ಕೆಲಸದಿಂದ ಮುಂದಿನ ಮೆಟ್ಟಿಲಿಗೆ ಅವನನ್ನು ಅವು ಏರಿಸಲೂಬಹುದು.